‘ಬಡಕಲು’ ಪದಕ್ಕೊಂದು ಸ್ವಂತ ವಾಕ್ಯ

ಆ ಭಾನುವಾರ ನಾಗವೇಣಿ ಹಲಗೆಯ ಮೇಲೆ ‘ಬಡಕಲು’ ಎಂದು ಬರೆದದ್ದು ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡಲ್ಲ. ಗುಣ ಹೇಳುವ ಪದಗಳ ಪಟ್ಟಿಯಲ್ಲಿ ಹಿಂದಿನ ವಾರ ‘ಹಳೆಯ’ ಮುಗಿದಿತ್ತು, ಅದರ ಕೆಳಗೆ ಇದಿತ್ತು, ಅಷ್ಟೆ. ಪದ ಬರೆದು, ಅಡಿಯಲ್ಲಿ ಗೆರೆ ಎಳೆದು, ಎಂದಿನಂತೆ ಹೇಳಿದಳು: “ಸ್ವಂತ ವಾಕ್ಯದೊಳಗ ಬಳಸ್ರಿ. ಪುಸ್ತಕದಾಗಿಂದು ನಡಿಯೂದಿಲ್ಲ.”

ಹನ್ನೊಂದು ಮಂದಿ ಹೆಂಗಸರು ಪಾಟಿಯ ಮೇಲೆ ಬಾಗಿದರು. ಮುಂಬ್ರಾ ಗುಡ್ಡದ ಬುಡದಲ್ಲಿರುವ ಆ ಸಮಾಜಮಂದಿರದ ತಗಡಿನ ಮಾಡಿಗೆ ಬೆಳಗಿನಿಂದ ಮಳೆ ಬಡಿಯುತ್ತಲೇ ಇತ್ತು. ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕೂಗಬೇಕು.

ನಾಗವೇಣಿ ಬೇಲಾಪುರದ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ನೋಡಿ ನಿವೃತ್ತಳಾದವಳು. ಮನೆ ಡೊಂಬಿವಲಿ, ತಂದೆಯ ಕಾಲದ ಊರು ಧಾರವಾಡ. ವರ್ಷದ ಹಿಂದೆ ಮುಂಬ್ರಾ ಸ್ಟೇಷನ್ನಿನಲ್ಲಿ ಕಾಶವ್ವ ಎಂಬಾಕೆ ಊರಿಂದ ಬಂದ ಪತ್ರಿಕೆಯೊಂದನ್ನು ಅವಳ ಮುಂದೆ ಹಿಡಿದು, “ಇದು ಯಾರ ಲಗ್ನದ್ದು, ನೋಡ್ರಿ” ಎಂದು ಕೇಳಿದ್ದಳು. ಅದು ಕಾಶವ್ವನ ತಂಗಿಯ ಮಗಳ ಲಗ್ನವೇ. ದಿನ ಕಳೆದುಹೋಗಿತ್ತು. ಅಂದು ರೈಲಿನಲ್ಲಿ ಮನೆಗೆ ಬರುವಾಗ ನಾಗವೇಣಿಗೆ ಯಾಕೋ ಕೂತಲ್ಲಿ ಕೂರಲಾಗಲಿಲ್ಲ. ಹದಿನೈದು ದಿನಕ್ಕೆ ಈ ಶಾಲೆ ಶುರುವಾಯಿತು. ಕಲಬುರಗಿ, ರಾಯಚೂರು, ವಿಜಯಪುರದ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ಹೆಂಗಸರು ಭಾನುವಾರ ಮಧ್ಯಾಹ್ನ ಬರುತ್ತಿದ್ದರು. ಅವಳನ್ನು ‘ಅಕ್ಕೋರು’ ಎನ್ನುತ್ತಿದ್ದರು.

“ನಾ ಓದ್ತೀನ್ರೀ ಅಕ್ಕೋರ” ಎಂದು ಕಾಶವ್ವನೇ ಮೊದಲು ಎದ್ದಳು. “ಬಡಕಲು ಎಮ್ಮಿ ಹಾಲು ಕೊಡೂದಿಲ್ಲ.”

“ಛಲೋ ಆತು. ಚಂಪಾ?”

ಚಂಪಾ ಎದ್ದು, ಸೆರಗು ಬಾಯಿಗಿಟ್ಟುಕೊಂಡು, ನಗು ತಡೆಯುತ್ತ ಓದಿದಳು: “ನಮ್ಮ ಬಡಕಲು ಚಂದವ್ವ ಗಾಳಿಗಿ ಹಾರಿ ಮುಂದಿನ ಸ್ಟೇಷನ್ ದಿವಾದಾಗ ಬಿದ್ದಳು.”

ಇಡೀ ಕೋಣೆ ನಕ್ಕಿತು. ನಾಗವೇಣಿಯೂ ನಕ್ಕಳು. ನಗುವಂತೆಯೇ ಇದ್ದಳು ಚಂದವ್ವ. ನಲವತ್ತೈದರ ಸುಮಾರು. ತೋಳು ಎಂಬುದು ಸಲಿಕೆಯ ಹಿಡಿಗಿಂತ ದಪ್ಪವಿಲ್ಲ. ಬೆನ್ನ ಮೇಲೆ ಕುಬಸದೊಳಗಿಂದಲೂ ಎಲುಬು ಎಣಿಸಬಹುದು. ಕೂತರೆ ನೆಲದ ಮೇಲೆ ಸೀರೆಯೊಂದನ್ನು ಮಡಿಚಿಟ್ಟಂತೆ ಕಾಣುತ್ತಿದ್ದಳು. ಕಾಯಿಲೆಯೇನೂ ಇರಲಿಲ್ಲ. ಅವಳ ತಾಯಿಯೂ ಹಾಗೇ ಇದ್ದಳಂತೆ. ಬೆಳಿಗ್ಗೆ ಕೂಲಿಗಳು ನಿಲ್ಲುವ ನಾಕಾದಲ್ಲಿ, ಆಳು ಆರಿಸಲು ಬರುವ ಹೊಸ ಮುಕಾದಮರು ಅವಳನ್ನು ನೋಡಿ ಮುಂದಕ್ಕೆ ಹೋಗುತ್ತಿದ್ದರು, ಹಳಬರು ಮಾತ್ರ ಕರೆದು ಒಯ್ಯುತ್ತಿದ್ದರು.

ಚಂದವ್ವ ಸಿಟ್ಟಾಗಲಿಲ್ಲ. “ನಮ್ಮ ಕಡಿ ಬಡವ ಅಂದ್ರ ಎರಡೂ ಆಗ್ತದ ಅಕ್ಕೋರ” ಎಂದಳು. “ರೊಕ್ಕ ಇಲ್ದಾಂವನೂ ಬಡವ, ಮೈಯಾಗ ಖಂಡ ಇಲ್ದಾಂವನೂ ಬಡವ. ಊರಿಗಿ ಹೋದ್ರ, ‘ಭಾಳ ಬಡವಾಗೀದಿ’ ಅಂತಾರ. ಯಾವುದಕ್ಕ ಅಂದ್ರು ಅಂತ ನನಗ ಇನ್ನಾ ಗೊತ್ತಾಗಿಲ್ಲ.”

“ನಿನ್ನ ವಾಕ್ಯ ಓದು.”

“ಹೊಳಿವಲ್ದು.” ಪಾಟಿ ತಿರುಗಿಸಿ ತೋರಿಸಿದಳು. ಖಾಲಿ ಇತ್ತು.

ಆಗ ಸದ್ದಾಯಿತು.

ಲಾರಿ ಜಲ್ಲಿ ಸುರಿದಂಥ ಸದ್ದು. ಆದರೆ ಸುರಿದು ಮುಗಿಯಲೇ ಇಲ್ಲ. ಹೆಂಗಸರೆಲ್ಲ ಒಟ್ಟಿಗೆ ಎದ್ದರು. ಚಂದವ್ವ ಒಬ್ಬಳೇ ಕೂತಲ್ಲೇ ತಲೆ ಓರೆ ಮಾಡಿ ಕೇಳಿಸಿಕೊಂಡು, “ಗ್ವಾಡಿ ಹೋತು. ಹಿಂದ ಸ್ಲ್ಯಾಬೂ ಬಂತು” ಎಂದು ಹೇಳಿ ಓಡಿದಳು.

ಗುಡ್ಡದ ಕಡೆಯ ತಡೆಗೋಡೆ ಮಳೆಗೆ ನೆನೆದು ಕುಸಿದಿತ್ತು. ಅದು ಬಿದ್ದ ಹೊಡೆತಕ್ಕೆ ಸಾಲುಮನೆಯ ಚಾಳಿನ ಕೊನೆಯ ಮನೆ ಹಿಂದಿನಿಂದ ಮುರಿದು, ಮೇಲಿನ ಮಹಡಿಯ ಸ್ಲ್ಯಾಬು ಓರೆಯಾಗಿ ಮುಂದಿನ ಗೋಡೆಗೆ ಒರಗಿದಂತೆ ನಿಂತಿತ್ತು. ಮೇಲಿನವರು ಊರಿಗೆ ಹೋಗಿದ್ದರು. ಕೆಳಗಿದ್ದವಳು ಭಾಗ್ಯಾ, ಟೆಂಪೋ ಓಡಿಸುವ ಜೈಭೀಮನ ಹೆಂಡತಿ. ಜೊತೆಗೆ ಮೂರು ತಿಂಗಳ ಹೆಣ್ಣು ಕೂಸು.

ಜೈಭೀಮ ಬರಿಗೈಯಿಂದ ಇಟ್ಟಿಗೆ ಕೀಳುತ್ತಿದ್ದ. ನಾಲ್ಕು ಜನ ಅವನನ್ನು ಹಿಡಿದೆಳೆದರು. ಒಳಗಿಂದ ಭಾಗ್ಯಾಳ ದನಿ ಬರುತ್ತಿತ್ತು. ಕೂಸಿನ ದನಿ ಬರುತ್ತಿರಲಿಲ್ಲ.

ಅರ್ಧ ಗಂಟೆಯಲ್ಲಿ ಅಗ್ನಿಶಾಮಕದವರು ಬಂದರು. ಓಣಿ ಸಣ್ಣದು, ಗಾಡಿ ದೊಡ್ಡ ರಸ್ತೆಯಲ್ಲೇ ನಿಂತಿತು. ಕೈಯಲ್ಲಿ ಹೊರಬಹುದಾದದ್ದನ್ನೆಲ್ಲ ಹೊತ್ತುಕೊಂಡು ಓಡಿ ಬಂದರು. ಅವರ ಅಧಿಕಾರಿ ವಿಕಾಸ್ ಎಂಬ ಮೂವತ್ತೈದರ ಗಂಡಸು. ಸ್ಲ್ಯಾಬಿನ ಸುತ್ತ ಒಂದು ಸಲ ತಿರುಗಿ ಬಂದು, ಯಾರೂ ಏನನ್ನೂ ಮುಟ್ಟಕೂಡದು ಎಂದ. ಸ್ಲ್ಯಾಬು ಮುಂದಿನ ಗೋಡೆಯ ಮೇಲೆ ಕೂತಿದೆಯೋ, ಪಕ್ಕದ ಕಾಲಂ ಮೇಲೆ ಕೂತಿದೆಯೋ ಹೊರಗಿಂದ ಕಾಣುತ್ತಿರಲಿಲ್ಲ. ಗೋಡೆಯ ಮೇಲಿದ್ದರೆ ಒಂದು ಇಟ್ಟಿಗೆ ತೆಗೆದರೂ ಎಲ್ಲ ಕೆಳಗೆ. ದೊಡ್ಡ ಸಲಕರಣೆ ಠಾಣೆ ನಗರದಿಂದ ಹೊರಟಿತ್ತು. ಆದರೆ ಮಳೆ ನಿಂತಿರಲಿಲ್ಲ, ಗುಡ್ಡದ ಮಣ್ಣು ಇನ್ನೂ ಸಣ್ಣಗೆ ಜಾರುತ್ತಿತ್ತು.

ಒಳಗೆ ಹೋಗಲು ಇದ್ದದ್ದು ಒಂದೇ ದಾರಿ. ಕಿಟಕಿ ಇದ್ದ ಜಾಗದಲ್ಲಿ, ಸ್ಲ್ಯಾಬಿಗೂ ಕಟ್ಟೆಗೂ ನಡುವೆ ಒಂದು ಸಂದಿ. ಎತ್ತರ ಬರೋಬ್ಬರಿ ಒಂದು ಗೇಣು. ಅಲ್ಲಿಂದ ಒಳಕ್ಕೆ ಎಂಟು ಅಡಿ ಅದೇ ಅಳತೆ. ಅವರಲ್ಲಿ ಎಲ್ಲರಿಗಿಂತ ತೆಳ್ಳಗಿದ್ದ ಹುಡುಗ ಸಂದೇಶ ಅಂಗಿ ಕಳಚಿ ನುಗ್ಗಿ ನೋಡಿದ. ತಲೆ ಹೋಯಿತು, ಎದೆ ಹೋಗಲಿಲ್ಲ.

“ಅಕ್ಕೋರ, ಅವರಿಗಿ ಹೇಳ್ರಿ” ಎಂದಳು ಚಂದವ್ವ. ಯಾವಾಗಲೋ ನಾಗವೇಣಿಯ ಪಕ್ಕ ಬಂದು ನಿಂತಿದ್ದಳು. ಸೀರೆಯನ್ನು ಕಚ್ಚೆ ಹಾಕಿ ಬಿಗಿದಿದ್ದಳು, ಬಳೆ ತೆಗೆದು ಕಾಶವ್ವನ ಕೈಗೆ ಕೊಟ್ಟಿದ್ದಳು. “ನಾ ಹೋಗ್ತೀನಿ ಅಂತ.”

ನಾಗವೇಣಿ ಅವಳ ಮುಖ ನೋಡಿದಳು. ಅಲ್ಲಿ ಆವೇಶವಿರಲಿಲ್ಲ, ನಾಕಾದಲ್ಲಿ ಕೆಲಸ ಕೇಳುವವಳ ಮುಖವಿತ್ತು. ನಾಗವೇಣಿ ಮರಾಠಿಯಲ್ಲಿ ಹೇಳಿದಳು. ವಿಕಾಸ್ ಆಗುವುದಿಲ್ಲ ಎಂದ. ಸಾರ್ವಜನಿಕರನ್ನು ಒಳಗೆ ಬಿಡುವ ಅಧಿಕಾರ ತನಗಿಲ್ಲ, ಈ ಹೆಂಗಸಿಗೆ ಏನಾದರೂ ಆದರೆ ಯಾರು ಹೊಣೆ ಎಂದ.

“ಇಪ್ಪತ್ತಾರು ವರ್ಸ ಆತು ಸ್ಲ್ಯಾಬಿನ ಕೆಲಸಕ್ಕ ಬಂದು” ಎಂದಳು ಚಂದವ್ವ. “ಸ್ಲ್ಯಾಬಿನ ತಳಗ ಟೇಕು ಕೊಡೂದು, ತೆಗಿಯೂದು, ಎಲ್ಲ ಮಾಡೀನಿ. ಅದು ಯಾವುದರ ಮ್ಯಾಲ ಕುಂತದ ಅಂತ ಒಳಗ ಹೋಗಿ ನೋಡಿ ಹೇಳ್ತೀನಿ. ಹೇಳಿದ ಮ್ಯಾಲ ನಿಮ್ಮ ಕೆಲಸ ನೀವ ಮಾಡ್ರಿ.”

ನಾಗವೇಣಿ ಇದನ್ನು ಮರಾಠಿಗೆ ತರುವಷ್ಟರಲ್ಲಿ ಭಾಗ್ಯಾಳ ದನಿ ಸಣ್ಣದಾಯಿತು. ವಿಕಾಸ್ ಒಮ್ಮೆ ಗುಡ್ಡ ನೋಡಿದ, ಒಮ್ಮೆ ಸಂದಿ ನೋಡಿದ. ಆಮೇಲೆ ತಾನೇ ಬಗ್ಗಿ ಚಂದವ್ವನ ಪಾದಕ್ಕೆ ಹಗ್ಗ ಕಟ್ಟಿದ. ತನ್ನ ಹೆಲ್ಮೆಟ್ಟು ಕೊಟ್ಟ. ಅದು ಸಂದಿಯಲ್ಲಿ ಹಿಡಿಯಲಿಲ್ಲ. ಆಕೆ ತೆಗೆದು ಬದಿಗಿಟ್ಟಳು. ಟಾರ್ಚನ್ನು ಮಾತ್ರ ಹಲ್ಲಿನಲ್ಲಿ ಕಚ್ಚಿಕೊಂಡಳು. ಬೆನ್ನ ಮೇಲೆ ಮಲಗಿ, ಮುಖ ಬದಿಗೆ ತಿರುಗಿಸಿ, ಒಳಗೆ ಸರಿದಳು.

ನಾಗವೇಣಿ ಕಂಡದ್ದು ಇಷ್ಟು. ಮೊದಲು ತಲೆ ಹೋಯಿತು. ಎದೆ ಸಂದಿಯ ಬಾಯಿಗೆ ಬಂದಾಗ ನಿಂತಿತು. ಎಲ್ಲರೂ ಉಸಿರು ಹಿಡಿದರು. ಆಮೇಲೆ ಆ ಎದೆ, ಗಾಳಿ ಬಿಟ್ಟ ಚೀಲದಂತೆ, ಕಣ್ಣೆದುರೇ ಇಳಿಯಿತು. ಇಳಿದು ಒಳಗೆ ಹೋಯಿತು. ಹೊಟ್ಟೆ, ತೊಡೆ, ಕೊನೆಗೆ ಹಗ್ಗ ಕಟ್ಟಿದ ಪಾದ. ಇಷ್ಟು ದಿನ ತಾನು ನೋಡಿದ್ದು ಆ ಮೈಯಲ್ಲಿ ಇಲ್ಲದ್ದನ್ನು ಮಾತ್ರ ಎಂದು ನಾಗವೇಣಿಗೆ ಅನ್ನಿಸಿತು.

ಒಳಗಿಂದ ಬರುವುದು ಕಲಬುರಗಿಯ ಮಾತು. ಹೊರಗಿದ್ದವರದು ಮರಾಠಿ. ನಡುವೆ ನಾಗವೇಣಿಯೇ ಇರಬೇಕಾಯಿತು. ಕೆಸರಿನಲ್ಲಿ ಹೊಟ್ಟೆ ಊರಿ ಮಲಗಿ ಸಂದಿಗೆ ಬಾಯಿ ಇಟ್ಟಳು.

“ಚಂದವ್ವಾ! ಕೇಳ್ತದೇನು?”

“ಹಾಂ.”

“ಎಲ್ಲಿದ್ದಿ?”

“ಅರ್ಧಕ್ಕ.”

ಪ್ರತಿ ನಿಮಿಷಕ್ಕೂ ಕೇಳಿದಳು. ಪ್ರತಿ ಸಲವೂ ಒಂದು ಮಾತು ಬಂತು. ಒಮ್ಮೆ ಮೇಲಿಂದ ಕಲ್ಲೊಂದು ಜಾರಿ ಸ್ಲ್ಯಾಬಿಗೆ ಬಡಿಯಿತು. ಸಂದಿಯಿಂದ ಸುಣ್ಣದ ಧೂಳು ಹೊಗೆಯಂತೆ ಹೊರಬಂತು. ನಾಗವೇಣಿ ಕಿರುಚಿದಳು. ಒಳಗಿಂದ ಬಹಳ ಹೊತ್ತಿನ ಮೇಲೆ, ಪಕ್ಕದ ಮನೆಯಾಕೆಗೆ ಹೇಳಿದಂತೆ: “ಒಂದ್ ಗಳಿಗಿ ಸುಮ್ಮ ಇರ್ರಿ ಅಕ್ಕೋರ. ಕಿವಿ ಕೊಟ್ಟೀನಿ.” ಮತ್ತೆ ಮೌನ. “ಕುಂತದ. ಏನೂ ಆಗಿಲ್ಲ.”

ಭಾಗ್ಯಾ ಕಬ್ಬಿಣದ ಮಂಚದ ಕೆಳಗೆ ಸಿಕ್ಕಿದ್ದಳು. ಸದ್ದು ಕೇಳಿದೊಡನೆ ಕೂಸನ್ನು ಎತ್ತಿಕೊಂಡು ಅಲ್ಲಿ ನುಸುಳಿದ್ದಳಂತೆ. ಮಂಚ ಬಾಗಿ ಅವಳ ಎಡಗಾಲನ್ನು ಅದುಮಿಕೊಂಡಿತ್ತು. ಕೂಸು ತಾಯಿಯ ಎದೆಯ ಕೆಳಗಿತ್ತು.

“ಘಮೇಲಾ ಕೊಡ್ರಿ, ಹಗ್ಗ ಕಟ್ಟಿ. ತಗ್ಗಿಂದು” ಎಂಬ ಮಾತು ಬಂತು. ಕಾಶವ್ವ ಸಿಮೆಂಟು ಹೊರುವ, ಅಂಚು ಗಿಡ್ಡದಾದ ಕಬ್ಬಿಣದ ಬುಟ್ಟಿ, ಘಮೇಲಾ ತಂದಳು. ಅದನ್ನು ಚಂದವ್ವನ ಪಾದದ ಹಗ್ಗಕ್ಕೂ, ಹಿಂದಿನಿಂದ ಇನ್ನೊಂದು ಹಗ್ಗಕ್ಕೂ ಕಟ್ಟಿದರು; ಆಕೆ ಒಳಕ್ಕೆ ಎಳೆದುಕೊಂಡಳು. ಐದು ನಿಮಿಷ ಆಯಿತು. “ಎಳೀರಿ. ಸಾವಕಾಶ. ಎಡಕ್ಕ ಕಬ್ಬಿಣದ ಸಳಿ ಅದ, ತಾಕೀತು.”

ವಿಕಾಸ್ ಎರಡು ಬೆರಳಿನಿಂದ ಹಗ್ಗ ಹಿಡಿದು ಎಳೆದ. ಘಮೇಲಾ ಕರಕರ ಅನ್ನುತ್ತ ಬಂತು. ಅದರೊಳಗೆ ಚಂದವ್ವನ ಸೆರಗಿನ ಹರಿದ ತುಂಡಿನಲ್ಲಿ ಸುತ್ತಿದ, ತಲೆಯಿಂದ ಕಾಲಿನವರೆಗೆ ಸುಣ್ಣ ಬಳಿದಂತಿದ್ದ ಕೂಸು. ಅಲುಗಾಡಲಿಲ್ಲ. ಜೈಭೀಮ ಮುಖ ಮುಚ್ಚಿಕೊಂಡ. ಆಗ ಕೂಸು ಸೀನಿತು. ಒಂದಲ್ಲ, ಮೂರು ಸಲ ಸೀನಿ, ಆಮೇಲೆ ಓಣಿಯೆಲ್ಲ ಕೇಳುವಂತೆ ಅತ್ತಿತು. ಜೈಭೀಮ ನಿಂತಲ್ಲೇ ಕೆಸರಿನಲ್ಲಿ ಕುಸಿದು ಕೂತ.

ಚಂದವ್ವ ಹೊರಗೆ ಬರಬಹುದಿತ್ತು. ಬರಲಿಲ್ಲ.

“ಟೆಂಪೋದ ಜಾಕ್ ಕಳಸ್ರಿ, ಮಂಚ ಎತ್ತಾಕ. ಸಣ್ಣದು, ಬಾಟ್ಲಿ ಹಂಗ ಇರ್ತದಲ್ಲ, ಅದು.” ಜೈಭೀಮ ಓಡಿ ತಂದ. ಘಮೇಲಾದಲ್ಲಿ ಅದೂ ಹೋಯಿತು. ಒಳಗೆ ಕಲ್ಲು ಎಳೆಯುವ ಸದ್ದು. ಏನು ಮಾಡುತ್ತಿದ್ದಾಳೆ ಎಂದು ವಿಕಾಸ್ ಕೇಳಿದ. ನಾಗವೇಣಿ ಕೇಳಿ ಹೇಳಿದಳು: “ಅಡಗಿಕಟ್ಟಿಯ ಶಹಾಬಾದಿ ಫರಸಿಕಲ್ಲು ಮುರದು ಬಿದ್ದದಂತ. ಅದನ್ನ ಜಾಕಿನ ತಳಗ ಹಾಕ್ತಾಳಂತ. ಇಲ್ಲಂದ್ರ ಜಾಕು ನೆಲದಾಗ ಇಳೀತದ ಅಂತಾಳ.” ಅವಸರದಲ್ಲಿ ಅದನ್ನು ಕನ್ನಡದಲ್ಲೇ ಹೇಳಿಬಿಟ್ಟಿದ್ದಳು; ಮತ್ತೆ ಮರಾಠಿಯಲ್ಲಿ ಹೇಳಿದಳು. ವಿಕಾಸ್ ತಲೆದೂಗಿದ. ಅವನ ಮುಖದಲ್ಲಿ ಅನುಮಾನ ಹೋಗಿ ಬೇರೆ ಏನೋ ಬಂದಿತ್ತು.

ಭಾಗ್ಯಾಳ ಕಾಲು ಬಿಡಿಸಿದ ಮೇಲೆ ಎಲ್ಲರೂ ಕಾಯುತ್ತಿದ್ದ ಮಾತು ಬಂತು.

“ಹೇಳ್ರಿ ಅವರಿಗಿ. ಸ್ಲ್ಯಾಬ್ ಗ್ವಾಡಿ ಮ್ಯಾಲ ಕುಂತಿಲ್ಲ. ಎರಡೂ ಬಾಜೂಕ ಕಾಲಂ ಮ್ಯಾಲ ಕುಂತದ. ಗ್ವಾಡಿಗೂ ಅದಕ್ಕೂ ನಡಕ ನನ್ನ ಬೆರಳ ಹೋಗ್ತದ. ಕಿಟಕಿ ತಳಗಿನ ಇಟ್ಟಂಗಿ ಅಷ್ಟೂ ತೆಗೀರಿ, ಏನೂ ಆಗೂದಿಲ್ಲ. ಕಾಲಂ ಮುಟ್ಟಬ್ಯಾಡ್ರಿ.”

ವಿಕಾಸ್ ಇದನ್ನು ಎರಡು ಸಲ ಕೇಳಿಸಿಕೊಂಡ. “ಬೆರಳು ಹೋಗುತ್ತದೆ ಎಂದರಾ? ಎರಡೂ ಕಡೆ?” ನಾಗವೇಣಿ ಒಳಗೆ ಕೇಳಿದಳು. “ಎರಡೂ ಕಡಿ. ನನ್ನ ಬೆರಳ ಅಂದ್ರ ನಿಮ್ಮ ಬೆರಳಿನ ಅರ್ಧ ಅಂತ ಹೇಳ್ರಿ” ಎಂಬ ಉತ್ತರ ಬಂತು. ಅಂಥ ಹೊತ್ತಿನಲ್ಲೂ ಕಾಶವ್ವ ಫಕ್ಕನೆ ನಕ್ಕು, ನಕ್ಕದ್ದಕ್ಕೆ ಅತ್ತಳು.

ಒಂದೊಂದೇ ಇಟ್ಟಿಗೆ ತೆಗೆದರು. ಸ್ಲ್ಯಾಬು ಅಲುಗಲಿಲ್ಲ. ಕಿಟಕಿಯ ಕಟ್ಟೆ ನೆಲದವರೆಗೆ ಇಳಿದು, ಸಂದಿ ಬಾಗಿಲಿನಷ್ಟಾಯಿತು. ಸಂದೇಶ ತೆವಳಿ ಒಳಗೆ ಹೋದ. ಸಂಜೆ ಆರಕ್ಕೆ ಇನ್ನೂ ಬೆಳಕಿರುವಾಗಲೇ ಭಾಗ್ಯಾಳನ್ನು ಹಲಗೆಯ ಮೇಲೆ ಹೊರತಂದರು. ಅವಳ ಹಿಂದೆ, ಯಾರ ಕೈಯನ್ನೂ ಹಿಡಿಯದೆ, ಚಂದವ್ವ ಹೊರಬಂದಳು. ಭುಜ, ಎದೆ, ಸೊಂಟದ ಎರಡೂ ಎಲುಬಿನ ಮೇಲೆ ಚರ್ಮ ಸುಲಿದು ರಕ್ತ ಬರುತ್ತಿತ್ತು. ಎದ್ದು ನಿಂತು ಸುತ್ತ ನೋಡಿದಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಷ್ಟು ದೊಡ್ಡ ಗುಂಪು ಎರಡು ಹೆಜ್ಜೆ ಹಿಂದೆ ಸರಿದು ಅವಳಿಗೆ ದಾರಿ ಬಿಟ್ಟಿತು.

ಮರುದಿನ ಮರಾಠಿ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. ಮುಂದಿನ ಭಾನುವಾರ ಕಾಶವ್ವ ಆ ತುಂಡನ್ನು ಶಾಲೆಗೆ ತಂದು ನಾಗವೇಣಿಯಿಂದ ಓದಿಸಿದಳು. ‘ಹಡಕುಳ್ಯಾ ಮಜೂರ ಮಹಿಳೆಯ ಧೈರ್ಯ’ ಎಂದಿತ್ತು.

“ಹಡಕುಳ್ಯಾ ಅಂದ್ರ?” ಎಂದು ಚಂಪಾ ಕೇಳಿದಳು.

ನಾಗವೇಣಿ ಪತ್ರಿಕೆಯಿಂದ ಕಣ್ಣೆತ್ತಲಿಲ್ಲ. “ಬಡಕಲು” ಎಂದಳು.

ಚಂಪಾ ತಲೆ ತಗ್ಗಿಸಿದಳು. ಚಂದವ್ವ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಎಂದಿನ ಮೂಲೆಯಲ್ಲಿ ಕೂತಿದ್ದಳು. “ನನ್ನ ಹೆಸರ ಎಲ್ಲ್ಯದ ಅದರಾಗ?” ಎಂದು ಕೇಳಿದಳು.

ನಾಗವೇಣಿ ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದಳು. ಸ್ಥಳೀಯ ನಗರಸೇವಕರ ಹೆಸರಿತ್ತು, ವಿಕಾಸ್ ಹೆಸರಿತ್ತು. ಹೆಸರು ಇರಬೇಕಾದ ಜಾಗದಲ್ಲಿ ಚಂದವ್ವನಿಗೆ ಆ ಪದವೇ ಇತ್ತು. “ಇಲ್ಲ” ಎಂದಳು. “ಚಂದವ್ವಾ, ಅವತ್ತ ಆ ಪದಾ ಹಲಗಿ ಮ್ಯಾಲ ನಾ ಬರೀಬಾರದಿತ್ತು. ನಾನೂ ನಕ್ಕೆ. ತಪ್ಪಾತು. ನೀವು...”

“ನೀವು ಅಂತ ಯಾಕ ಅಂತೀರಿ? ನಾ ಏನು ತಪ್ಪು ಮಾಡಿದೆ?” ಎಂದು ಚಂದವ್ವ ಗಾಬರಿಯಾಗಿ ಕೇಳಿದಳು. ಆಮೇಲೆ ಪಾಟಿ ತೆಗೆದು, “ಪದದ್ದೇನು ತಪ್ಪದ ಅಕ್ಕೋರ? ಹೋದ ವಾರದ ವಾಕ್ಯ ನನ್ನದು ಬಾಕಿ ಉಳದದ. ಬರಕೊಂಡು ಬಂದೀನಿ” ಎಂದಳು.

ದೊಡ್ಡ ಅಕ್ಷರ, ಸಾಲು ಮೇಲಕ್ಕೆ ಓಡಿತ್ತು. ಬೆರಳಿಟ್ಟು ತಾನೇ ಓದಿದಳು:

“ಬಡಕಲು ಚಂದವ್ವ ಹೋದಳು. ಸಂದಿ ಆಕಿ ಅಳತಿದೆ ಇತ್ತು.”

‘ಅಳತೆಯದೇ’ ಎನ್ನಲು ಬರೆದ ‘ಅಳತಿದೆ’ ಎನ್ನುವುದನ್ನು ನಾಗವೇಣಿ ತಿದ್ದಲಿಲ್ಲ. ಕೋಣೆಯಲ್ಲಿ ಯಾರೂ ನಗಲಿಲ್ಲ. ಚಂಪಾ ಎದ್ದು ಬಂದು ಆ ಪಾಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಓದಿದಳು, ಅಕ್ಷರ ಅಕ್ಷರವಾಗಿ.

ಆಗಸ್ಟಿನ ಮೊದಲ ವಾರದಲ್ಲಿ ವಿಕಾಸ್ ಶಾಲೆಯನ್ನು ಹುಡುಕಿಕೊಂಡು ಬಂದ. ತನ್ನ ಹುಡುಗರಿಗೆ ಒಳಗೆ ಹೇಗೆ ಸರಿದಳೆಂಬುದನ್ನು ಚಂದವ್ವ ತೋರಿಸಿಕೊಡಬೇಕು, ನಾಗವೇಣಿ ಜೊತೆಗೆ ಬರಬೇಕು ಎಂದು ಕೇಳಿಕೊಂಡ.

ಅಗ್ನಿಶಾಮಕ ಕೇಂದ್ರದ ಅಂಗಳದಲ್ಲಿ ಇಟ್ಟಿಗೆಯ ಮೇಲೆ ಒಂದು ಹಳೆಯ ಸ್ಲ್ಯಾಬು ಏರಿಸಿಟ್ಟಿದ್ದರು. ಕೆಳಗೆ ಒಂದು ಗೇಣಿನ ಸಂದಿ. ಇಪ್ಪತ್ತು ಜನ ಹುಡುಗರು ಅರ್ಧಚಂದ್ರವಾಗಿ ಕೂತಿದ್ದರು. ಸಂದೇಶ ಮಲಗಿ ಪ್ರಯತ್ನಿಸಿದ, ಅಂದಿನಂತೆ ಎದೆಯ ಹತ್ತಿರ ಸಿಕ್ಕಿಕೊಂಡ.

“ಉಸುಲ ಹಿಡದಾನ ಅವ” ಎಂದಳು ಚಂದವ್ವ. “ಹಿಡೀಬಾರದು. ಉಸುಲ ತುಗೊಂಡ್ರ ಎದಿ ಏಳ್ತದ, ಕಲ್ಲಿಗಿ ತಾಕ್ತದ. ಪೂರಾ ಬಿಡಬೇಕು. ಬಿಟ್ಟು ಎರಡ ಬೆರಳ ಸರೀಬೇಕು. ಆಮ್ಯಾಲ ನಿಂತು, ಮ್ಯಾಲಿಂದ ಮ್ಯಾಲ ಸಣ್ಣಗ ತುಗೋಬೇಕು, ಬೆಕ್ಕಿನ ಮರಿ ಹಂಗ. ಮತ್ತ ಬಿಡಬೇಕು.”

ನಾಗವೇಣಿ ಮರಾಠಿಯಲ್ಲಿ ಹೇಳಿದಳು. ಹುಡುಗರು ಬರೆದುಕೊಂಡರು.

“ಎಂಟು ಅಡಿಗೆ ಎಷ್ಟು ಸಲ?” ಎಂದು ವಿಕಾಸ್ ಕೇಳಿದ.

“ಅರವತ್ತರ ತನಕ ಎಣಿಸಿದ್ದೆ. ಆಮ್ಯಾಲ ಎಣಿಕಿ ತಪ್ಪಿತು. ಅಕ್ಕೋರು ಕೇಳಿದಾಗೊಮ್ಮಿ ಮಾತಾಡಬೇಕಾಗ್ತಿತ್ತಲ್ಲ, ಅದಕ್ಕ ಬ್ಯಾರೆ ಉಸುಲ ಬೇಕು. ಅದು ತುಗೊಂಡಾಗ ಎದಿ ಕಲ್ಲಿಗಿ ಒರಸ್ತಿತ್ತು.”

ನಾಗವೇಣಿ ಇದನ್ನು ಮರಾಠಿಗೆ ತರಲಿಲ್ಲ. ಆ ದಿನ ಪ್ರತಿ ನಿಮಿಷಕ್ಕೂ ಕೂಗಿದ್ದಳು. ಕೇಳ್ತದೇನು, ಎಲ್ಲಿದ್ದಿ, ಚಂದವ್ವಾ, ಮಾತಾಡು. ಪ್ರತಿ ಸಲವೂ ಒಂದು ಮಾತು ಬಂದಿತ್ತು.

“ಹಂಗಿದ್ರ ಯಾಕ ಮಾತಾಡಿದಿ?” ಎಂದು ಮೆಲ್ಲಗೆ ಕೇಳಿದಳು. “ಸುಮ್ಮನ ಇರಬೇಕಿತ್ತು.”

“ನೀವು ಭಾಳ ಅಂಜಿದ್ರಿ” ಎಂದಳು ಚಂದವ್ವ.

“ಏನಂದರು?” ಎಂದು ವಿಕಾಸ್ ಕೇಳಿದ. ಹುಡುಗರು ಪೆನ್ನು ಹಿಡಿದು ಕಾಯುತ್ತಿದ್ದರು. ನಾಗವೇಣಿ ಒಂದು ಮಾತನ್ನೂ ಬಿಡದೆ ಎಲ್ಲವನ್ನೂ ಮರಾಠಿಯಲ್ಲಿ ಹೇಳಿದಳು. ಹಿಂದೆ ಕೂತಿದ್ದ ಒಬ್ಬ ಎದ್ದು ನಿಂತ, ಅವನನ್ನು ನೋಡಿ ಇನ್ನೊಬ್ಬ, ಆಮೇಲೆ ಎಲ್ಲರೂ.

ಅವರು ಯಾಕೆ ನಿಂತರೆಂದು ಚಂದವ್ವನಿಗೆ ತಿಳಿಯಲಿಲ್ಲ. ಕಾಣುವುದಿಲ್ಲವೇನೋ ಅಂದುಕೊಂಡಳು. “ಹತ್ರ ಬರ್ರಿ, ನಿಂತು ನೋಡಿದ್ರ ಗೊತ್ತಾಗೂದಿಲ್ಲ” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಬೆನ್ನೂರಿ ಮಲಗಿ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟಳು.